ಬಾಗಿಲು ತೆಗೆದವರು ನಾವು, ಬಿಲ್ ಯಾರಿಗೆ?

ಕ್ಯಾಬ್ ಹತ್ತುವಾಗ ಒಟಿಪಿ ಹೇಳ್ತೀವಿ, ಇಳಿಯುವಾಗ ಯುಪಿಐ ಮಾಡ್ತೀವಿ. ಇವೆರಡರ ಮಧ್ಯೆ ನಮಗೆ ಯಾವ ಜವಾಬ್ದಾರಿಯೂ ಇಲ್ಲ ಅಂತ ನಾವು ವಿದ್ಯಾರ್ಥಿಗಳೆಲ್ಲ ಅಂದುಕೊಂಡಿದ್ದೇವೆ. ಓಡಿಸೋದು ಡ್ರೈವರ್, ಗಾಡಿ ಓನರ್‌ದು, ಇನ್ಶೂರೆನ್ಸ್ ಹೇಗೂ ಇರುತ್ತೆ. ಪ್ಯಾಸೆಂಜರ್ ಅಂದ್ರೆ ಸುಮ್ಮನೆ ಕೂತು ಬರುವವರು, ಅಷ್ಟೇ.

ಆದರೆ ಪ್ಯಾಸೆಂಜರ್ ಕೈಯಲ್ಲೂ ಕಾರಿನ ಒಂದು ಕಂಟ್ರೋಲ್ ಇದೆ. ಅದು ಬಾಗಿಲ ಹಿಡಿ. ಅದನ್ನು ತಪ್ಪು ಹೊತ್ತಿನಲ್ಲಿ ಎಳೆದರೆ ಪಕ್ಕದ ಕಾರಿಗೆ ಆಗುವ ಡ್ಯಾಮೇಜ್‌ಗೆ ದುಡ್ಡು ಯಾರು ಕೊಡಬೇಕು? ನಮ್ಮ ಬ್ರಾಂಚ್‌ನಲ್ಲಿ ಇದನ್ನು ಯಾರೂ ಪಾಠ ಮಾಡಲ್ಲ, ಆದರೆ ದಿನಾ ಓಡಾಡುವ ನಮಗೆಲ್ಲ ಗೊತ್ತಿರಬೇಕಾದ ವಿಷಯ. ಹಾಗಾಗಿ ಈ ಸಂಚಿಕೆಯಲ್ಲಿ ಅದನ್ನೇ ಹಂತ ಹಂತವಾಗಿ ನೋಡೋಣ.

ಒಂದು ಉದಾಹರಣೆ

ಬೆಂಗಳೂರಿನ ಮೈಸೂರು ರಸ್ತೆ, ಸ್ಯಾಟಲೈಟ್ ಬಸ್ ನಿಲ್ದಾಣದ ಹತ್ತಿರ ಟ್ರಾಫಿಕ್ ಜಾಮ್. ಕ್ಯಾಬ್ ರಸ್ತೆಯ ಮಧ್ಯದ ಲೇನ್‌ನಲ್ಲಿ ನಿಂತಿದೆ ಅಂದುಕೊಳ್ಳಿ. ಹಿಂದಿನ ಸೀಟಿನಲ್ಲಿರುವ ಹುಡುಗನಿಗೆ ಬಸ್ ಮಿಸ್ ಆಗುವ ಭಯ. "ಅಣ್ಣ, ಇಲ್ಲೇ ಇಳ್ಕೋತೀನಿ" ಅಂತ ಹೇಳಿ ಬಲಗಡೆಯ ಬಾಗಿಲು ತೆಗೆಯುತ್ತಾನೆ. ಅದೇ ಕ್ಷಣ ಬಲಗಡೆ ಲೇನ್‌ನಲ್ಲಿ ಒಂದು ಬಿಳಿ ಕಾರು ಬರುತ್ತೆ. ಅದರ ಎಡ ಮಿರರ್ ಮುರಿಯಿತು, ಬಾಗಿಲು ಉದ್ದಕ್ಕೂ ಗೀಚಿಹೋಯಿತು. ಕ್ಯಾಬ್‌ನ ಬಾಗಿಲೂ ಬಗ್ಗಿತು. ಯಾರಿಗೂ ಗಾಯ ಆಗಿಲ್ಲ.

ಇಲ್ಲಿ ನಾಲ್ಕು ಜನ ಇದ್ದಾರೆ: ಬಾಗಿಲು ತೆಗೆದ ಪ್ಯಾಸೆಂಜರ್, ಕ್ಯಾಬ್ ಡ್ರೈವರ್, ಕ್ಯಾಬ್ ಓನರ್, ಬಿಳಿ ಕಾರಿನವರು. ಬೀದಿಯಲ್ಲಿ ಸಾಮಾನ್ಯವಾಗಿ ಏನಾಗುತ್ತೆ ಅಂತ ನಮಗೆ ಗೊತ್ತೇ ಇದೆ. ಬಿಳಿ ಕಾರಿನವರು ಇಳಿದು ಡ್ರೈವರ್ ಮೇಲೆ ಕೂಗಾಡುತ್ತಾರೆ. ಪ್ಯಾಸೆಂಜರ್ ಬ್ಯಾಗ್ ಹಾಕಿಕೊಂಡು ಬಸ್ ಹಿಡಿಯಲು ಓಡುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆದರೆ ಕಾನೂನು ಏನು ಹೇಳುತ್ತೆ?

ಮೊದಲ ಪ್ರಶ್ನೆ: ತಪ್ಪು ಯಾರದು?

ಒಬ್ಬರ ಅಜಾಗರೂಕತೆಯಿಂದ ಇನ್ನೊಬ್ಬರಿಗೆ ನಷ್ಟವಾದರೆ ನಷ್ಟ ತುಂಬಿಕೊಡಬೇಕು ಅನ್ನುವುದು ಟಾರ್ಟ್ ಕಾನೂನಿನ ಮೂಲ ಮಾತು. ನಮ್ಮ ದೇಶದಲ್ಲಿ ಈ ಟಾರ್ಟ್ ಕಾನೂನಿಗೆ ಒಂದೇ ಪುಸ್ತಕದ ಹಾಗೆ ಬರೆದಿಟ್ಟ ಕಾಯ್ದೆ ಇಲ್ಲ, ಹೆಚ್ಚಾಗಿ ಕೋರ್ಟ್ ತೀರ್ಪುಗಳಿಂದ ಬೆಳೆದುಬಂದಿದೆ. ಅಲ್ಲಿ ಕೇಳುವ ಪ್ರಶ್ನೆಗಳು ಸರಳ. ಎಚ್ಚರಿಕೆ ವಹಿಸುವ ಕರ್ತವ್ಯ ಇತ್ತಾ? ಅದನ್ನು ಮುರಿದರಾ? ಅದರಿಂದಲೇ ನಷ್ಟ ಆಯಿತಾ?

ಪ್ಯಾಸೆಂಜರ್ ವಿಷಯದಲ್ಲಿ ಮೂರಕ್ಕೂ ಉತ್ತರ ಹೌದು. ರಸ್ತೆಯ ಕಡೆ ಬಾಗಿಲು ತೆಗೆಯುವವರು ಹಿಂದೆ ನೋಡಬೇಕು. ನೋಡಲಿಲ್ಲ. ಅದಕ್ಕೇ ಮಿರರ್ ಮುರಿಯಿತು. "ನಾನು ಡ್ರೈವ್ ಮಾಡ್ತಿರಲಿಲ್ಲ" ಅನ್ನುವುದು ಇಲ್ಲಿ ಉತ್ತರವೇ ಅಲ್ಲ, ಯಾಕೆಂದರೆ ತಪ್ಪು ನಡೆದಿರುವುದು ಡ್ರೈವಿಂಗ್‌ನಲ್ಲಿ ಅಲ್ಲ, ಬಾಗಿಲು ತೆಗೆದದ್ದರಲ್ಲಿ. ಆದ್ದರಿಂದ ಮೊದಲ ಹೊಣೆ ಬಾಗಿಲು ತೆಗೆದವರದ್ದೇ.

ಹಾಗಂತ ಡ್ರೈವರ್ ಪೂರ್ತಿ ಪಾರಾಗುತ್ತಾರೆ ಅಂತಲ್ಲ. ಮಧ್ಯದ ಲೇನ್‌ನಲ್ಲಿ ಇಳಿಯಲು ಬಿಟ್ಟರಾ? "ಬಲಗಡೆ ಬೇಡ, ಸ್ವಲ್ಪ ತಡೀರಿ" ಅಂತ ಹೇಳಿದರಾ, ಸುಮ್ಮನಿದ್ದರಾ? ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದು ಡ್ರೈವರ್ ಕೆಲಸ. ಇಳಿಯಲು ಒಪ್ಪಿ ನಿಲ್ಲಿಸಿದ್ದರೆ ತಪ್ಪಿನಲ್ಲಿ ಅವರಿಗೂ ಒಂದು ಪಾಲು ಬರಬಹುದು. ಹೇಳದೆ ಕೇಳದೆ ಸಿಗ್ನಲ್‌ನಲ್ಲಿ ಬಾಗಿಲು ತೆಗೆದಿದ್ದರೆ ಆ ಪಾಲು ಕಡಿಮೆ, ಅಥವಾ ಇಲ್ಲವೇ ಇಲ್ಲ.

ಓನರ್ ವಿಷಯ ಬೇರೆ. ಡ್ರೈವರ್ ಓನರ್‌ನ ಕೆಲಸಗಾರ ಆಗಿದ್ದರೆ, ಕೆಲಸದ ಸಮಯದಲ್ಲಿ ಡ್ರೈವರ್ ಮಾಡಿದ ತಪ್ಪಿಗೆ ಓನರ್ ಕೂಡ ಹೊಣೆ. ಆದರೆ ಪ್ಯಾಸೆಂಜರ್ ಓನರ್‌ನ ಕೆಲಸಗಾರ ಅಲ್ಲವಲ್ಲ. ಹಾಗಾಗಿ ಪ್ಯಾಸೆಂಜರ್ ತಪ್ಪು ತಾನಾಗೇ ಓನರ್ ತಲೆ ಮೇಲೆ ಹೋಗಿ ಕೂರುವುದಿಲ್ಲ.

ಬಿಳಿ ಕಾರಿನವರನ್ನೂ ಒಂದು ಪ್ರಶ್ನೆ ಕೇಳಬೇಕು. ನಿಂತ ಗಾಡಿಗೆ ತೀರಾ ಒತ್ತಿಕೊಂಡು, ವೇಗವಾಗಿ ಬಂದರಾ? ಹಾಗಿದ್ದರೆ ಅವರಿಗೆ ಸಿಗುವ ಪರಿಹಾರದಲ್ಲಿ ಅಷ್ಟು ಭಾಗ ಕಡಿತ ಆಗುತ್ತೆ. ತಪ್ಪು ಅವರದ್ದಲ್ಲ, ಪ್ಯಾಸೆಂಜರ್ ಮತ್ತು ಡ್ರೈವರ್ ಇಬ್ಬರದ್ದೂ ಸೇರಿದೆ ಅಂದ್ರೆ ಇನ್ನೊಂದು ನಿಯಮ ಬರುತ್ತೆ. ತಪ್ಪು ಮಾಡಿದವರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2015ರ ಒಂದು ತೀರ್ಪಿನಲ್ಲಿ ಸ್ಪಷ್ಟ ಮಾಡಿದೆ. ಯಾರ ಪಾಲು ಎಷ್ಟು ಅನ್ನುವುದನ್ನು ಆಮೇಲೆ ಅವರವರೇ ಬಗೆಹರಿಸಿಕೊಳ್ಳಬೇಕು. ಕೈಗೆ ಸಿಕ್ಕ ಡ್ರೈವರ್‌ನನ್ನೇ ಹಿಡಿಯಲು ಇದೂ ಒಂದು ಕಾರಣ. ನಂಬರ್ ಪ್ಲೇಟ್ ಇರುವುದು ಕ್ಯಾಬ್‌ಗೆ, ನಮಗಲ್ಲ.

ಎರಡನೇ ಪ್ರಶ್ನೆ: ಇನ್ಶೂರೆನ್ಸ್ ಕೊಡಲ್ವಾ?

"ಇನ್ಶೂರೆನ್ಸ್ ಇದೆಯಲ್ಲ ಅಣ್ಣ" ಅನ್ನುವುದು ನಮ್ಮೆಲ್ಲರ ಮೊದಲ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 146ರ ಪ್ರಕಾರ ರಸ್ತೆಗಿಳಿಯುವ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸಾರ್ವಜನಿಕ ಜಾಗದಲ್ಲಿ ಗಾಡಿಯ ಬಳಕೆಯಿಂದ ಮೂರನೆಯವರ ಜೀವ, ದೇಹ ಅಥವಾ ಆಸ್ತಿಗೆ ಆಗುವ ಹಾನಿಯ ಬಗ್ಗೆ ಸೆಕ್ಷನ್ 147 ಹೇಳುತ್ತೆ. ಬಿಳಿ ಕಾರು ಇಲ್ಲಿ ಮೂರನೆಯವರ ಆಸ್ತಿ.

ನಿಂತ ಗಾಡಿಯ ಬಾಗಿಲು ತೆಗೆದರೆ ಅದು ಗಾಡಿಯ "ಬಳಕೆ" ಆಗುತ್ತಾ? "ಬಳಕೆ" ಅನ್ನುವ ಪದವನ್ನು ನಮ್ಮ ಕೋರ್ಟ್‌ಗಳು ವಿಶಾಲವಾಗಿಯೇ ಓದಿವೆ. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಾತಾರಾ ಜಿಲ್ಲೆಯ ಹತ್ತಿರ ಒಂದು ಪೆಟ್ರೋಲ್ ಟ್ಯಾಂಕರ್ ಲಾರಿಗೆ ಡಿಕ್ಕಿಯಾಗಿ ಉರುಳಿಬಿತ್ತು. ಗಂಟೆಗಳ ನಂತರ ಅದು ಸ್ಫೋಟವಾಗಿ, ಅಲ್ಲಿ ಸೇರಿದ್ದ ಜನ ಸತ್ತರು. ಟ್ಯಾಂಕರ್ ಆಗ ಓಡುತ್ತಿರಲಿಲ್ಲ, ಬಿದ್ದಿತ್ತು. ಆದರೂ ಅದು ಗಾಡಿಯ ಬಳಕೆಯಿಂದ ಉಂಟಾದ ಅಪಘಾತವೇ ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ದೃಷ್ಟಿಯಲ್ಲಿ ನೋಡಿದರೆ, ಪ್ಯಾಸೆಂಜರ್ ಇಳಿಯುವುದೂ ಗಾಡಿಯ ಬಳಕೆಯ ಭಾಗವೇ ಅಂತ ವಾದ ಮಾಡಲು ಒಳ್ಳೆಯ ಆಧಾರ ಇದೆ.

ಆದರೆ ತೊಡಕು ಇರುವುದು ಬೇರೆ ಕಡೆ. ಮನೆಯಲ್ಲಿ ಕಾರಿನ ಪಾಲಿಸಿ ಇದ್ದರೆ ತೆಗೆದು ಥರ್ಡ್ ಪಾರ್ಟಿ ಹೊಣೆಯ ಭಾಗ ಓದಿ. ವಿಮೆ ಮಾಡಿಸಿದವರಿಗೆ ಬರುವ ಹೊಣೆಯನ್ನು ಕಂಪನಿ ತುಂಬಿಕೊಡುತ್ತೆ, ಅವರ ಅನುಮತಿಯಿಂದ ಗಾಡಿ ಓಡಿಸುವವರ ಹೊಣೆಯನ್ನೂ ತುಂಬಿಕೊಡುತ್ತೆ. ಪ್ಯಾಸೆಂಜರ್ ಹೆಸರು ಅಲ್ಲಿ ಬರುವುದಿಲ್ಲ! ತಪ್ಪು ಪೂರ್ತಿ ಪ್ಯಾಸೆಂಜರ್‌ದು, ಡ್ರೈವರ್‌ದು ಏನೂ ಇಲ್ಲ ಅಂತಾದರೆ, "ನಮ್ಮ ಗ್ರಾಹಕರಿಗೆ ಹೊಣೆಯೇ ಇಲ್ಲವಲ್ಲ, ನಾವ್ಯಾಕೆ ಕೊಡಬೇಕು" ಅಂತ ಕಂಪನಿ ವಾದಿಸಲು ದಾರಿ ಇದೆ. ಅಂದ್ರೆ ನಾವು ನಂಬಿಕೊಂಡಿರುವ ಇನ್ಶೂರೆನ್ಸ್ ನಮ್ಮ ಕೈಯ ತಪ್ಪಿಗೆ ಮಾಡಿಸಿದ್ದಲ್ಲ.

ಮೂರನೇ ಪ್ರಶ್ನೆ: ಕೊನೆಗೆ ದುಡ್ಡು ಎಲ್ಲಿಂದ ಬರುತ್ತೆ?

ಬಿಳಿ ಕಾರಿನವರಿಗೆ ಇರುವುದು ಮೂರು ದಾರಿ.

ಒಂದು, ಥರ್ಡ್ ಪಾರ್ಟಿ ಕ್ಲೇಮ್. ಇದಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆಸ್ತಿ ಹಾನಿ 2,000 ರೂಪಾಯಿಗಿಂತ ಹೆಚ್ಚಿದ್ದರೆ ಸಿವಿಲ್ ಕೋರ್ಟ್‌ಗೂ ಹೋಗಬಹುದು. ಒಂದು ಮಿರರ್‌ಗೋಸ್ಕರ ವಕೀಲರನ್ನು ಇಟ್ಟು ಓಡಾಡುವವರು ಎಷ್ಟು ಜನ?

ಎರಡು, ತಮ್ಮದೇ ಪಾಲಿಸಿಯಲ್ಲಿ ಓನ್ ಡ್ಯಾಮೇಜ್ ಕ್ಲೇಮ್. ಇದು ಬೇಗ ಆಗುತ್ತೆ, ಆದರೆ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದವರಿಗೆ ಮಾತ್ರ. ಪ್ರತಿ ಕ್ಲೇಮ್‌ನಲ್ಲಿ ಒಂದಿಷ್ಟು ಕಡ್ಡಾಯ ಮೊತ್ತ ಅವರೇ ಹಾಕಬೇಕು. ಅದಕ್ಕಿಂತ ದೊಡ್ಡ ಹೊಡೆತ ನೋ ಕ್ಲೇಮ್ ಬೋನಸ್ ಹೋಗುವುದು. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಈ ರಿಯಾಯಿತಿ 20, 25, 35, 45, 50 ಶೇಕಡಾ ಹೀಗೆ ಏರುತ್ತೆ. ಉದಾಹರಣೆಗೆ ಓನ್ ಡ್ಯಾಮೇಜ್ ಪ್ರೀಮಿಯಂ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. 50 ಶೇಕಡಾ ಬೋನಸ್ ಇದ್ದವರು 5,000 ಕಟ್ಟುತ್ತಿದ್ದರು. ಈ ಕ್ಲೇಮ್ ಆದ ಮೇಲೆ ಮುಂದಿನ ವರ್ಷ ಪೂರ್ತಿ 10,000. ಯಾರೋ ತೆಗೆದ ಬಾಗಿಲಿಗೆ ಇವರಿಗೆ 5,000 ನಷ್ಟ, ಜೊತೆಗೆ ಬೋನಸ್ ಮತ್ತೆ ಮೊದಲಿಂದ ಶುರು.

ಮೂರು, ಅಲ್ಲೇ ರಸ್ತೆಯಲ್ಲಿ ದುಡ್ಡು ಕೇಳುವುದು. ಎಲ್ಲರೂ ಹಿಡಿಯುವ ದಾರಿ ಇದೇ. ಕೇಳುವುದು ಡ್ರೈವರ್‌ನನ್ನು. ಅವರ ಹತ್ತಿರ ಇರುವುದು ಆ ದಿನದ ದುಡಿಮೆ, ಅದರಲ್ಲಿ ಡೀಸೆಲ್ ಅಥವಾ ಸಿಎನ್‌ಜಿ, ಆ್ಯಪ್ ಕಮಿಷನ್, ಗಾಡಿಯ ಇಎಂಐ ಎಲ್ಲ ಹೋಗಬೇಕು. ಮೇಲಿಂದ ತಮ್ಮ ಗಾಡಿಯ ಬಗ್ಗಿದ ಬಾಗಿಲಿಗೂ ಗ್ಯಾರೇಜ್‌ಗೆ ಹೋಗಬೇಕು. ಗ್ಯಾರೇಜ್‌ನಲ್ಲಿ ಗಾಡಿ ನಿಂತ ದಿನ ದುಡಿಮೆ ಇಲ್ಲ. ನಮ್ಮ ಎರಡು ಸೆಕೆಂಡಿನ ಅವಸರಕ್ಕೆ ಅವರು ಎರಡು ದಿನ ಕೊಡುತ್ತಾರೆ.

ಈ ಮೂರು ದಾರಿಯಲ್ಲೂ ಬಾಗಿಲು ತೆಗೆದವರ ಜೇಬಿಗೆ ಯಾರೂ ಕೈ ಹಾಕುತ್ತಿಲ್ಲ ಅನ್ನುವುದನ್ನು ಗಮನಿಸಿ. ಕಾನೂನಿನ ಹೊಣೆ ನಮ್ಮದು, ಆದರೆ ದುಡ್ಡಿನ ದಾರಿ ನಮ್ಮನ್ನು ಬಿಟ್ಟು ಪಕ್ಕದಲ್ಲಿ ಹೋಗುತ್ತೆ. ಆ ಅಂತರವನ್ನು ತುಂಬಬೇಕಾದವರು ನಾವೇ.

ಮಕ್ಕಳು ಬಾಗಿಲು ತೆಗೆದರೆ?

ಚಿಕ್ಕ ಮಗು ಬಾಗಿಲು ತೆಗೆದರೆ ಮಗುವನ್ನು ಯಾರೂ ಹೊಣೆ ಮಾಡಲ್ಲ. ಅಪ್ಪ ಅಮ್ಮ ಅನ್ನುವ ಒಂದೇ ಕಾರಣಕ್ಕೆ ಹೆತ್ತವರೂ ಹೊಣೆಯಲ್ಲ. ಆದರೆ ಜೊತೆಗಿದ್ದ ದೊಡ್ಡವರು ಮಗುವನ್ನು ನೋಡಿಕೊಂಡರಾ ಅನ್ನುವ ಪ್ರಶ್ನೆ ಬರುತ್ತೆ. ಹಿಂದಿನ ಬಾಗಿಲಿನ ಅಂಚಿನಲ್ಲಿ ಚೈಲ್ಡ್ ಲಾಕ್ ಅಂತ ಒಂದು ಪುಟ್ಟ ಲಿವರ್ ಇರುತ್ತೆ. ಅದನ್ನು ಹಾಕಿದರೆ ಒಳಗಿನ ಹಿಡಿ ಎಳೆದರೂ ಬಾಗಿಲು ತೆರೆಯಲ್ಲ, ಹೊರಗಿಂದ ಮಾತ್ರ ತೆಗೆಯಬಹುದು.

ನಮಗೆ ಬರುವ ಲೆಕ್ಕ

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಬಿಳಿ ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುತ್ತಿದೆ, ಅಂದ್ರೆ ಸೆಕೆಂಡಿಗೆ ಸುಮಾರು 8.3 ಮೀಟರ್. ಬಾಗಿಲು ಕಂಡು ಬ್ರೇಕ್ ಮೇಲೆ ಕಾಲಿಡಲು 1 ಸೆಕೆಂಡ್ ಅಂತ ಇಟ್ಟರೆ ಅಷ್ಟರಲ್ಲೇ 8 ಮೀಟರ್ ಮುಗಿಯಿತು. ಬ್ರೇಕ್ ಹಾಕಿದ ಮೇಲೆ 6 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ದರದಲ್ಲಿ ವೇಗ ಇಳಿದರೂ ನಿಲ್ಲಲು ಇನ್ನೂ ಸುಮಾರು 6 ಮೀಟರ್ ಬೇಕು. ಒಟ್ಟು 14 ಮೀಟರ್. ಅಂದ್ರೆ ಮೂರಕ್ಕಿಂತ ಹೆಚ್ಚು ಸಣ್ಣ ಕಾರುಗಳ ಉದ್ದ. ಬಾಗಿಲು ತೆಗೆಯುವಾಗ ಗಾಡಿ 10 ಮೀಟರ್ ದೂರದಲ್ಲಿದ್ದರೆ ಆ ಡ್ರೈವರ್ ಎಷ್ಟು ಜಾಣರಾದರೂ ನಿಲ್ಲಿಸಲು ಆಗಲ್ಲ. ತಪ್ಪಿಸುವ ಅವಕಾಶ ಬಾಗಿಲ ಒಳಗಿರುವವರ ಕೈಯಲ್ಲಿ ಮಾತ್ರ ಇದೆ.

ಬ್ರಿಟನ್‌ನಲ್ಲಿ ಇದನ್ನು ನೇರವಾಗಿ ನಿಯಮವಾಗಿಯೇ ಬರೆದಿದ್ದಾರೆ. ಅಲ್ಲಿನ 1986ರ ನಿಯಮದ ಪ್ರಕಾರ ಬೇರೆಯವರಿಗೆ ಗಾಯವಾಗುವಂತೆ, ಅಪಾಯವಾಗುವಂತೆ ಗಾಡಿಯ ಬಾಗಿಲು ತೆಗೆಯುವುದು ಯಾರು ಮಾಡಿದರೂ ತಪ್ಪು, ಪ್ಯಾಸೆಂಜರ್ ಆದರೂ ಸರಿ. 2022ರಲ್ಲಿ ಅವರ ಹೈವೇ ಕೋಡ್‌ಗೆ ಇನ್ನೊಂದು ಸಲಹೆ ಸೇರಿತು: ಬಾಗಿಲಿಗೆ ದೂರ ಇರುವ ಕೈಯಿಂದ ಹಿಡಿ ಎಳೆಯಿರಿ. ನೆದರ್‌ಲೆಂಡ್ಸ್‌ ಹೆಸರಿನಲ್ಲಿ ಇದನ್ನು ಡಚ್ ರೀಚ್ ಅಂತ ಕರೆಯುತ್ತಾರೆ. ಬಲಗಡೆ ಕೂತವರು ಎಡಗೈ, ಎಡಗಡೆ ಕೂತವರು ಬಲಗೈ. ಹಾಗೆ ಮಾಡಿದಾಗ ಮೈ ತಾನಾಗೇ ತಿರುಗುತ್ತೆ, ಕಣ್ಣು ಹಿಂದೆ ಬರುವ ಗಾಡಿ ಕಡೆ ಹೋಗುತ್ತೆ. ಯಾವ ಸೆನ್ಸರ್ರೂ ಬೇಡ.

ಆಗಿಹೋದರೆ ಏನು ಮಾಡಬೇಕು?

ಮೊದಲು ಯಾರಿಗಾದರೂ ಪೆಟ್ಟಾಗಿದೆಯಾ ನೋಡಿ. ಬೈಕಿನವರಿಗೆ ತಗುಲಿದ್ದರೆ ವಿಷಯವೇ ಬೇರೆ, ಮೊದಲು ಆಸ್ಪತ್ರೆ. ನಿರ್ಲಕ್ಷ್ಯದಿಂದ ಗಾಯ ಅಥವಾ ಸಾವು ಉಂಟುಮಾಡುವ ಅಪರಾಧಗಳು ಭಾರತೀಯ ನ್ಯಾಯ ಸಂಹಿತೆಯಲ್ಲಿ ಡ್ರೈವರ್‌ಗೆ ಮಾತ್ರ ಅಂತ ಇಲ್ಲ, ಯಾರಿಗಾದರೂ ಅನ್ವಯಿಸುತ್ತವೆ.

ಗಾಡಿಗೆ ಮಾತ್ರ ಹಾನಿಯಾಗಿದ್ದರೆ, ಓಡಿಹೋಗಬೇಡಿ. ಎರಡೂ ಗಾಡಿಗಳ ಫೋಟೋ, ನಂಬರ್, ನಿಂತ ಜಾಗ ಎಲ್ಲ ಫೋನಿನಲ್ಲಿ ತೆಗೆದಿಡಿ. "ಬಾಗಿಲು ತೆಗೆದಿದ್ದು ನಾನು, ಅಣ್ಣನ ತಪ್ಪಲ್ಲ" ಅಂತ ಬಿಳಿ ಕಾರಿನವರ ಎದುರೇ ಹೇಳಿ. ಆ ಒಂದು ಮಾತು ಡ್ರೈವರ್‌ಗೆ ದೊಡ್ಡ ಆಸರೆ. ಪ್ಯಾಸೆಂಜರ್ ತಾನೇ ದುಡ್ಡು ಕೊಡುವುದಾದರೆ ಗ್ಯಾರೇಜ್ ಎಸ್ಟಿಮೇಟ್ ನೋಡಿ ಕೊಡಿ, ಯುಪಿಐನಲ್ಲೇ ಕೊಡಿ, "ಈ ಹಾನಿಗೆ ಪೂರ್ತಿ ಪರಿಹಾರ ಸಿಕ್ಕಿತು" ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಕ್ಯಾಬ್‌ನ ಪಾಲಿಸಿಯಿಂದ ಕ್ಲೇಮ್ ಮಾಡುವ ಯೋಚನೆ ಇದ್ದರೆ ಡ್ರೈವರ್, ಓನರ್ ಅವಸರದಲ್ಲಿ ಹೊಣೆ ಒಪ್ಪಿಕೊಂಡು ಮಾತು ಕೊಡಬಾರದು. ಕಂಪನಿಗೆ ತಿಳಿಸದೆ ಹಾಗೆ ಒಪ್ಪಿಕೊಳ್ಳಬಾರದು ಅನ್ನುವ ಷರತ್ತು ಪಾಲಿಸಿಯಲ್ಲೇ ಇರುತ್ತೆ. ಮೊದಲು ಕಂಪನಿಗೆ ಫೋನ್.

ನಾಲ್ಕು ಜನ ಶೇರ್ ಮಾಡಿಕೊಂಡು ಹೋದಾಗ ಬಾಡಿಗೆಯನ್ನು ಪೈಸೆ ಲೆಕ್ಕದಲ್ಲಿ ಹಂಚಿಕೊಳ್ಳುವವರು ನಾವು. ಇಂಥ ಬಿಲ್ ಬಂದರೆ ಅದನ್ನೂ ಹಾಗೇ ಹಂಚಿಕೊಳ್ಳಬಹುದು. ಅಂಥ ಬಿಲ್ಲೇ ಬರದಿರಲಿ ಅಂತಿದ್ದರೆ ಗಾಡಿ ರಸ್ತೆ ಬದಿಗೆ ಬರುವ ತನಕ ಕಾಯಿರಿ, ಎಡಗಡೆಯೇ ಇಳಿಯಿರಿ, ಬಾಗಿಲಿಗೆ ದೂರದ ಕೈ ಬಳಸಿ. ಇವತ್ತು ಮನೆಗೆ ಹೋಗುವಾಗಲೇ ಶುರು ಮಾಡಿ ನೋಡಿ.