ತಿದ್ದುವವರಿಗೊಂದು ಮಾತು

ಈಗ ರನ್ನ ಬೆಳಗಲಿ ಎನ್ನುವ ಊರಿನ ಬಳೆಗಾರರ ಮನೆಯ ಕವಿ ರನ್ನ ಒಬ್ಬನೇ ಬೆಳೆದವನಲ್ಲ. ಅಜಿತಸೇನಾಚಾರ್ಯರು ಕಲಿಸಿದರು, ಚಾವುಂಡರಾಯ ಆಸರೆಯಾದ, ಅತ್ತಿಮಬ್ಬೆ ಬರೆಸಿದಳು. 993ರಲ್ಲಿ ‘ಅಜಿತಪುರಾಣ’ ಮುಗಿಯಿತು.

ಅದು ಕಾವ್ಯ. ಊರಿನ ಇತಿಹಾಸವನ್ನೋ ಆತ್ಮಕಥೆಯನ್ನೋ ಬರೆಯುವವರಿಗೂ ಅಂಥ ಜೊತೆಗಾರರು ಬೇಕು. ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯಲ್ಲಿ ಜಿ.ಬಿ. ಜೋಶಿ ಲೇಖಕರ ಬೆನ್ನು ಬಿಡದೆ ಬರೆಸುತ್ತಿದ್ದರು. ಕೀರ್ತಿನಾಥ ಕುರ್ತಕೋಟಿ ಸಲಹೆಗಾರರಾಗಿದ್ದರು.

ಹೀಗೆ ಬರೆಯುವವರ ಜೊತೆಗಿದ್ದು ತಿದ್ದುವ ಕೆಲಸಕ್ಕಿಳಿಯುವವರು ಮೊದಲ ಓದಿನಲ್ಲಿ ಕೆಂಪು ಪೆನ್ನು ಮುಟ್ಟದಿರುವುದೇ ಲೇಸು. ‘ಇದನ್ನು ಹೇಳಿದವರು ಯಾರು? ಯಾವ ಇಸವಿ? ಶಾಸನ ನೋಡಿದ್ದೀರಾ?’ ಎಂದು ಕೇಳಬೇಕು. ಕಾಗುಣಿತ ಆಮೇಲೆ. ಮುಧೋಳ ಸೀಮೆಯ ಮಾತನ್ನು ಮೈಸೂರಿನದಾಗಿಸುವ ಉಮೇದು ಮಾತ್ರ ಬೇಡ (ಅದು ತಿದ್ದುಪಡಿಯಲ್ಲ, ದಬ್ಬಾಳಿಕೆ).

ಸಂಭಾವನೆ, ಗಡುವು, ಎಷ್ಟು ಸಲ ತಿದ್ದುವುದು ಎಂಬುದನ್ನೆಲ್ಲ ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ.