ಕೈಗೂಸಿನೊಡನೆ ಕಡಲ ವಿಹಾರ: ಒಂದು ಲೆಕ್ಕಪತ್ರ

ನನ್ನ ಮೊಮ್ಮಗಳು ಹುಟ್ಟಿದುದು 2022ರ ಜನವರಿ 10ರಂದು. ಅವಳ ತಮ್ಮ ಹುಟ್ಟಿದುದು 2023ರ ಜುಲೈ 20ರಂದು. ಈ ಎರಡು ದಿನಾಂಕಗಳನ್ನು ನಾನು ಜಾತಕ ಬರೆಸುವ ಸಲುವಾಗಿ ಗುರುತುಹಾಕಿಕೊಂಡವನೇ ಹೊರತು, ಇವುಗಳ ನಡುವಣ ಹದಿನೆಂಟು ತಿಂಗಳು ಹತ್ತು ದಿನಗಳ ಅಂತರವು ಮುಂದೊಂದು ದಿನ ನನ್ನ ಜೇಬಿನಿಂದ 15,500 ರೂಪಾಯಿಗಳನ್ನು ಸೆಳೆದುಕೊಳ್ಳುವುದೆಂದು ಯಾವ ಜೋಯಿಸರೂ ನನಗೆ ಹೇಳಿರಲಿಲ್ಲ.

ಸಂಗತಿ ಇಷ್ಟೆ. ವಿಹಾರನೌಕೆಯ ಕಂಪನಿಗಳಲ್ಲಿ ಬಹುಪಾಲಿನವು, ಹಡಗು ಹೊರಡುವ ದಿನಕ್ಕೆ ಆರು ತಿಂಗಳು ತುಂಬದ ಶಿಶುವನ್ನು ಹತ್ತಿಸಿಕೊಳ್ಳುವುದಿಲ್ಲ. ದಡ ಕಾಣದೆ ದಿನಗಟ್ಟಲೆ ಸಾಗುವ ದೀರ್ಘಯಾನಗಳಿಗಾದರೆ ಹನ್ನೆರಡು ತಿಂಗಳು ತುಂಬಿರಬೇಕು. ವಿಮಾನದ ಕಂಪನಿಗಳಾದರೋ, ಎರಡು ವರ್ಷ ತುಂಬದ ಮಗುವನ್ನು ತಾಯಿಯ ಮಡಿಲಲ್ಲಿ ಕೂರಿಸಿಕೊಳ್ಳಲು ಒಪ್ಪಿ ಅಲ್ಪಸ್ವಲ್ಪ ದರವನ್ನಷ್ಟೇ ಕೇಳುತ್ತವೆ. ಎರಡು ತುಂಬಿದ ದಿನದಿಂದಲೇ ಅದಕ್ಕೆ ಪ್ರತ್ಯೇಕ ಆಸನ, ಪ್ರತ್ಯೇಕ ಬೆಲೆ. ನಮ್ಮ ಕಿರಿಯನು 2024ರ ಜನವರಿ 20ರಂದು ಹಡಗಿಗೆ ಅರ್ಹನಾದನು. ಅದಕ್ಕೆ ಸರಿಯಾಗಿ ಹತ್ತು ದಿನ ಮೊದಲು ಹಿರಿಯಳು ಮಡಿಲಿನ ಅರ್ಹತೆಯನ್ನು ಕಳೆದುಕೊಂಡಿದ್ದಳು. ಮಡಿಲಿನ ದರ 3,500. ಆಸನದ ದರ 19,000. ಮೂವತ್ತನಾಲ್ಕು ವರ್ಷ ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ಪರರ ಲೆಕ್ಕದ ಲೋಪಗಳನ್ನು ಹುಡುಕುತ್ತ ಜೀವಿಸಿದವನಿಗೆ ಇಂಥ ಹತ್ತು ದಿನಗಳು ನಿದ್ರೆಯಲ್ಲಿಯೂ ಚುಚ್ಚುತ್ತವೆ.

ಎರಡನೆಯ ಬಾಣಂತನವಾದಂದಿನಿಂದ ನನ್ನ ಮಗಳು ಒಂದೇ ಸಮನೆ ಮೂರು ಗಂಟೆ ಮಲಗಿದುದನ್ನು ನಾವು ಯಾರೂ ಕಂಡಿರಲಿಲ್ಲ. ಎಲ್ಲಿಗಾದರೂ ಹೋಗಿ ಬರೋಣವೆಂಬ ಮಾತು ಬಂದಾಗ ಕ್ರೂಸ್ ಎಂಬ ಸಲಹೆಯನ್ನಿತ್ತವರು ಅಳಿಯಂದಿರು. ಊರೂರು ಅಲೆಯುವ ಪ್ರವಾಸದಲ್ಲಿ ದಿನಕ್ಕೊಂದು ಹೋಟೆಲು, ದಿನಕ್ಕೊಮ್ಮೆ ಗಂಟುಮೂಟೆ. ಹಡಗಿನಲ್ಲಿ ಹೋಟೆಲೇ ಊರಿಂದೂರಿಗೆ ನಡೆದುಹೋಗುತ್ತದೆ, ಮಾವ, ಎಂಬುದು ಅವರ ವಾದ. ಸಿಂಗಪುರದ ಮರೀನಾ ಬೇ ಬಂದರಿನಿಂದ ಹೊರಟು, ಮಲೇಷ್ಯದ ಪೆನಾಂಗ್ ಮತ್ತು ಥಾಯ್ಲೆಂಡಿನ ಫುಕೆಟ್‌ಗಳನ್ನು ಮುಟ್ಟಿ ಮರಳುವ ನಾಲ್ಕು ರಾತ್ರಿಯ ಯಾನ. ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿ ಸೇರಿಸಿದ ಬೋಧಾಯನ ಧರ್ಮಸೂತ್ರವನ್ನು ಬಲ್ಲ ನಮ್ಮ ತಾತನವರು ಬದುಕಿದ್ದಿದ್ದರೆ ಏನೆನ್ನುತ್ತಿದ್ದರೋ ನಾನರಿಯೆ. ನನ್ನ ಮಡದಿಯಂತೂ, “ನಾಲ್ಕು ದಿನ ಒಲೆಯ ಮುಂದೆ ನಿಲ್ಲದಿದ್ದರೆ ನನಗೇನೂ ಬೇಸರವಿಲ್ಲ” ಎಂಬ ಒಂದೇ ವಾಕ್ಯದಲ್ಲಿ ತೀರ್ಪಿತ್ತಳು. ಅವಧಿ ಮುಗಿದ ನನ್ನದೊಂದು ಠೇವಣಿ ಕೈಗೆ ಬಂದಿತ್ತಾದುದರಿಂದ ವೆಚ್ಚವು ನನ್ನದೆಂದು ನಾನೇ ಹಟ ಹಿಡಿದೆನು.

ಹಡಗಿನ ದರವನ್ನು ಓದುವುದು ಒಂದು ವಿದ್ಯೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಒಂದು ಕೋಣೆಯನ್ನು ಇಬ್ಬರು ಹಂಚಿಕೊಂಡಾಗ ತಲೆಯೊಂದಕ್ಕೆ ಬೀಳುವ ದರ. ಅದೇ ಕೋಣೆಯ ಮೂರನೆಯ, ನಾಲ್ಕನೆಯ ಹಾಸಿಗೆಗಳಿಗೆ ಕಡಿಮೆ ದರ. ಮಕ್ಕಳಿಗೆ ಉಚಿತ ಎಂಬ ಘೋಷಣೆಯನ್ನು ಕಂಡಾಗಲೂ ಬಂದರಿನ ತೆರಿಗೆ, ಶುಲ್ಕ, ಸೇವಾಭಕ್ಷೀಸು ಇವು ಆ ಉಚಿತದ ಹೊರಗಿರುತ್ತವೆಂದು ತಿಳಿಯತಕ್ಕದ್ದು. ನಾವು ಪಡೆದುದು ಬಾಲ್ಕನಿಯುಳ್ಳ ಎರಡು ಕೋಣೆ. ದೊಡ್ಡವರು ನಾಲ್ವರಿಗೆ ತಲಾ 46,000, ಮಕ್ಕಳಿಬ್ಬರಿಗೆ ತಲಾ 24,000, ಒಟ್ಟು 2,32,000 ರೂಪಾಯಿ. ಹಾಸಿಗೆಯೂ ಬೇಡದ, ಊಟವೂ ಬೇಡದ ಏಳು ತಿಂಗಳ ಕೂಸಿಗೆ 24,000 ಏಕೆಂದು ಏಜೆಂಟರೊಡನೆ ವಾದಿಸಿದೆನು. ಅವರಿತ್ತ ಉತ್ತರ ನನಗೆ ಹಿಡಿಸಿತು. ಟೈಟಾನಿಕ್ ದುರಂತದ ತರುವಾಯ 1914ರಲ್ಲಿ ಮೊದಲು ರೂಪುಗೊಂಡ ಅಂತಾರಾಷ್ಟ್ರೀಯ ಒಪ್ಪಂದದ ಪರಂಪರೆಯಂತೆ, ಹಡಗಿನ ಮೇಲಿರುವ ಪ್ರತಿಯೊಂದು ಜೀವಕ್ಕೂ ಪ್ರಾಣರಕ್ಷಕ ದೋಣಿಯಲ್ಲಾಗಲಿ ತೆಪ್ಪದಲ್ಲಾಗಲಿ ಸ್ಥಾನವಿರಲೇಬೇಕು; ಒಂದು ದಿನಕ್ಕೆ ಮೀರಿದ ಯಾನವಾದರೆ ಹಡಗಿನಲ್ಲಿರುವ ಒಂದೊಂದು ಶಿಶುವಿಗೂ ಶಿಶುವಿನದೇ ಅಳತೆಯ ತೇಲುಕವಚವಿರಬೇಕು. ಕೋಣೆಯಲ್ಲಿ ಹಾಸಿಗೆ ಖಾಲಿಯಿದ್ದರೂ ಮೂರನೆಯವರನ್ನು ಸೇರಿಸಲಾಗದೆಂದು ಕಂಪನಿಯವರು ಕೆಲವೊಮ್ಮೆ ನಿರಾಕರಿಸುವುದೂ ಈ ದೋಣಿಗಳ ಲೆಕ್ಕದಿಂದಲೇ. ಹೊರಡುವ ಮುನ್ನ ನಡೆಯುವ ಸುರಕ್ಷತಾ ಕವಾಯತಿನಲ್ಲಿ, ಅಂಗೈಯಗಲದ ಆ ಕಿತ್ತಲೆ ಬಣ್ಣದ ಕವಚವನ್ನು ನನ್ನ ಮಗಳ ಕೈಗೆ ಕೊಟ್ಟ ಮೇಲೆ, 24,000ದ ಪ್ರಶ್ನೆಯನ್ನು ನಾನು ಮತ್ತೆ ಎತ್ತಲಿಲ್ಲ.

ಪಾಸ್‌ಪೋರ್ಟಿನ ಕಾರ್ಯ ಅಗ್ಗವೇ ಆದರೂ ಪ್ರಯಾಸಕರ. ಎಂಟು ವರ್ಷದೊಳಗಿನವರಿಗೆ ಶುಲ್ಕದಲ್ಲಿ ಶೇ. 10 ರಿಯಾಯಿತಿಯಿದ್ದುದರಿಂದ ಮಕ್ಕಳಿಗೆ ತಲಾ 900 ರೂಪಾಯಿ ಸಂದಿತು. ಆದರೆ ಬಿಳಿಯ ಹಿನ್ನೆಲೆಯಲ್ಲಿ, ಕಣ್ಣು ತೆರೆದು, ಬಾಯಿ ಮುಚ್ಚಿ, ಆಸರೆಯ ಕೈ ಕಾಣದಂತೆ ಕೂಸಿನ ಭಾವಚಿತ್ರವನ್ನು ಪಡೆಯಲು ಸ್ಟುಡಿಯೋದವರು ಒಂದು ಮಧ್ಯಾಹ್ನವನ್ನೇ ವ್ಯಯಿಸಿದರು. ಮಲೇಷ್ಯ, ಥಾಯ್ಲೆಂಡ್‌ಗಳು ಆ ಹೊತ್ತಿಗೆ ಭಾರತೀಯರಿಗೆ ವೀಸಾದಿಂದ ವಿನಾಯಿತಿ ಕೊಟ್ಟಿದ್ದವು. ಸಿಂಗಪುರಕ್ಕೆ ಮಾತ್ರ ಆರು ಜನಕ್ಕೂ ವೀಸಾ ಬೇಕಿತ್ತು. ವಿಮಾನದಲ್ಲಿ ಬಂದು ಒಮ್ಮೆ, ಹಡಗಿನಲ್ಲಿ ಮರಳಿ ಮತ್ತೊಮ್ಮೆ, ಹೀಗೆ ಅದೇ ದೇಶವನ್ನು ಎರಡು ಸಾರಿ ಪ್ರವೇಶಿಸುತ್ತೇವೆಂಬುದನ್ನು ಮರೆಯಲಾಗದು.

ಇಲ್ಲಿ ಓದುಗರಿಗೆ ತೆರಿಗೆಯ ಸಂಗತಿಯೊಂದನ್ನು ಅರಿಕೆ ಮಾಡಿಕೊಳ್ಳಬೇಕು. 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದ, ನಾವು ಹೋದಾಗಿನ ನಿಯಮದಂತೆ, ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ವರ್ಷಕ್ಕೆ 7 ಲಕ್ಷದವರೆಗೆ ಶೇ. 5, ಅದಕ್ಕೆ ಮೀರಿದ ಮೊತ್ತಕ್ಕೆ ಶೇ. 20 ಟಿಸಿಎಸ್ (ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ) ಹಿಡಿಯಬೇಕಾಗಿತ್ತು. ನನ್ನಿಂದ ಹೀಗೆ 11,600 ರೂಪಾಯಿಗಳು ಹೋದವು. ಇದು ವೆಚ್ಚವಲ್ಲ, ಹಣ ಕೊಟ್ಟವರ ಪ್ಯಾನ್ ಸಂಖ್ಯೆಗೆ ಜಮೆಯಾಗಿ, ನಮೂನೆ 26ಎಎಸ್‌ನಲ್ಲಿ ಕಾಣಿಸಿಕೊಂಡು, ಆದಾಯ ತೆರಿಗೆಯ ವಿವರ ಸಲ್ಲಿಸುವಾಗ ವಜಾ ಆಗುವುದು ಅಥವಾ ಮರಳಿ ಬರುವುದು. ಆದರೂ ಸರ್ಕಾರಕ್ಕೆ ಕೊಟ್ಟ ಬಡ್ಡಿಯಿಲ್ಲದ ಕೈಗಡವೇ ಸರಿ. ಆದುದರಿಂದ ತೆರಿಗೆಯ ವಿವರವನ್ನು ತಪ್ಪದೆ ಸಲ್ಲಿಸುವವರ ಖಾತೆಯಿಂದಲೇ ಹಣ ಪಾವತಿಯಾಗಬೇಕು. ನಾಲ್ವರು ನಾಲ್ಕು ಕಡೆಯಿಂದ ಚೂರುಚೂರಾಗಿ ಕೊಟ್ಟು, ಆಮೇಲೆ ಯಾರ ಹೆಸರಿನಲ್ಲಿ ಎಷ್ಟು ಜಮೆಯಾಯಿತೆಂದು ಹುಡುಕಾಡುವ ಕುಟುಂಬಗಳನ್ನು ನಾನು ಬಲ್ಲೆ.

ಹಡಗು ಹತ್ತುವಾಗ ನಮ್ಮ ವಿದ್ಯುತ್ ಕೆಟಲು ಬಂಧನಕ್ಕೊಳಗಾಯಿತು. ಬಿಸಿಮಾಡುವ ಸಾಧನಗಳು ಅಗ್ನಿಭಯದಿಂದ ಹಡಗಿನಲ್ಲಿ ನಿಷಿದ್ಧವೆಂಬುದನ್ನು ನಾವು ಓದಿರಲಿಲ್ಲ. ರಸೀದಿ ಕೊಟ್ಟು ತೆಗೆದಿರಿಸಿಕೊಂಡು ಕೊನೆಯ ದಿನ ಮರಳಿಸಿದರು. ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ನನ್ನ ಮಡದಿ ಸ್ಟೀಲಿನ ಡಬ್ಬಿಯಲ್ಲಿ ತುಂಬಿ ತಂದಿದ್ದಳು. ಕಾವಲಿನವನು ಮುಚ್ಚಳ ತೆಗೆದು, ಮೂಸಿ, ಕೂಸಿನ ಮುಖವನ್ನೂ ಡಬ್ಬಿಯನ್ನೂ ಒಮ್ಮೆ ನೋಡಿ ಬಿಟ್ಟುಕೊಟ್ಟನು. ಒಲೆಯಿಲ್ಲದೆ ರಾಗಿ ಸರಿ ಮಾಡುವುದೆಂತು ಎಂದು ನಾವು ಚಿಂತಿಸುತ್ತಿರುವಾಗ, ಕೋಣೆಯ ಪರಿಚಾರಕನು ತಾನಾಗಿಯೇ ವಿಷಯವನ್ನರಿತು, ಹಿಟ್ಟನ್ನು ಅಡುಗೆಮನೆಗೆ ಒಯ್ದು ಕುದಿಸಿ ತರಿಸುವ ಏರ್ಪಾಡು ಮಾಡಿದನು.

ಈ ಪರಿಚಾರಕನ ನೆಪದಲ್ಲಿ ಭಕ್ಷೀಸಿನ ಮಾತನ್ನೂ ಮುಗಿಸುತ್ತೇನೆ. ನಾವು ಹೋದ ಹಡಗಿನಲ್ಲಿ ತಲೆಯೊಂದಕ್ಕೆ ದಿನಕ್ಕೆ 16 ಡಾಲರಿನಂತೆ ಸೇವಾಭಕ್ಷೀಸು ತಾನಾಗಿ ಬಿಲ್ಲಿಗೆ ಸೇರುತ್ತಿತ್ತು. ಆರು ಜನ, ನಾಲ್ಕು ದಿನ, 384 ಡಾಲರು. ಡಾಲರಿಗೆ 83ರಂತೆ 31,872 ರೂಪಾಯಿ. ಅದರಲ್ಲಿ ಕೈಗೂಸಿನ ಪಾಲೇ 5,312. ಎರಡು ವರ್ಷದೊಳಗಿನವರಿಗೆ ಇದರಿಂದ ವಿನಾಯಿತಿ ಕೊಡುವ ಕಂಪನಿಗಳೂ ಉಂಟಾದುದರಿಂದ ಕಾದಿರಿಸುವ ಮೊದಲೇ ಕೇಳಿಕೊಳ್ಳುವುದು ಲೇಸು. ಮೊದಲ ರಾತ್ರಿಯೇ ನಾನು ಪ್ರತಿಭಟನೆಯ ಪತ್ರವೊಂದನ್ನು ಮನಸ್ಸಿನಲ್ಲಿಯೇ ರಚಿಸಿದ್ದೆನು. ಮರುದಿನ ಬೆಳಿಗ್ಗೆ ಕೂಸು ರಾಗಿ ಸರಿಯ ಬಟ್ಟಲನ್ನು ತಲೆಕೆಳಗು ಮಾಡಿ, ರತ್ನಗಂಬಳಿಯ ಮೇಲೆ ಹರಡಿ, ಅದರಲ್ಲಿ ತೆವಳಿ, ಗೋಡೆಯವರೆಗೂ ತನ್ನ ಕೈಗುರುತನ್ನು ಒತ್ತಿದಾಗ, ಆ ಮನುಷ್ಯನು ಮೊಣಕಾಲೂರಿ, ಮುಖದಲ್ಲಿ ಕಿಂಚಿತ್ತೂ ಕಹಿಯಿಲ್ಲದೆ ಇಪ್ಪತ್ತು ನಿಮಿಷ ಉಜ್ಜಿದುದನ್ನು ಕಂಡೆನು. ನಮ್ಮ ಆರು ಜನರಲ್ಲಿ ಅತ್ಯಧಿಕ ಸೇವೆಯನ್ನು ಪಡೆದುದು ಆ ಕೂಸೇ. ಪತ್ರ ಅಲ್ಲಿಗೇ ನಿಂತಿತು. ಆದರೆ ಡಾಲರಿನ ಬಿಲ್ಲನ್ನು ನನ್ನ ಸಾಮಾನ್ಯ ಕಾರ್ಡಿನಿಂದ ತೀರಿಸಿ, ಶೇ. 3.5 ವಿನಿಮಯ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ನೂರು ರೂಪಾಯಿಗೆ ನಾಲ್ಕು ರೂಪಾಯಿ ಹದಿಮೂರು ಪೈಸೆಯನ್ನು ದಂಡವಾಗಿ ತೆತ್ತುದು ಬ್ಯಾಂಕಿನಲ್ಲಿ ದುಡಿದವನಿಗೆ ಶೋಭೆಯಲ್ಲ.

ತೆತ್ತ ಹಣದಲ್ಲಿ ಬಹುಭಾಗ, ನಾವು ಮುಟ್ಟಲೂ ಆಗದ ವಸ್ತುಗಳಿಗೆ ಸಂದಿತು. ಡಯಾಪರ್ ಕಟ್ಟಿದ ಮಕ್ಕಳಿಗೆ ಈಜುಕೊಳದಲ್ಲಿ ಪ್ರವೇಶವಿಲ್ಲ. ಈಜಿಗೆಂದೇ ಮಾಡಿದ ಡಯಾಪರೂ ಆಗದು. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅಲ್ಲಿನ ಆರೋಗ್ಯ ಇಲಾಖೆ ವಿಧಿಸಿರುವ ನೈರ್ಮಲ್ಯ ನಿಯಮವನ್ನು ಹಲವು ಕಂಪನಿಗಳು ಇತ್ತಣ ಕಡಲುಗಳಲ್ಲಿಯೂ ಪಾಲಿಸುತ್ತವೆ. ಸಾವಿರಾರು ಜನ ಒಂದೆಡೆ ಕೂಡಿದಾಗ ಹೊಟ್ಟೆಯ ಬೇನೆ ಹರಡುವ ವೇಗವನ್ನು ಬಲ್ಲವರು ಇದನ್ನು ತಪ್ಪೆನ್ನಲಾರರು. ಮಕ್ಕಳ ಮನೋರಂಜನಾ ಕೇಂದ್ರಕ್ಕೆ ಮೂರು ವರ್ಷ ತುಂಬಿರಬೇಕು, ಶೌಚದ ಅಭ್ಯಾಸವಾಗಿರಬೇಕು. ಆರರಿಂದ ಮೂವತ್ತಾರು ತಿಂಗಳ ಶಿಶುಗಳಿಗೆ ಗಂಟೆಯ ಲೆಕ್ಕದಲ್ಲಿ ನೋಡಿಕೊಳ್ಳುವ ಶಿಶುಗೃಹ ಕೆಲವು ಹಡಗುಗಳಲ್ಲಿರುವುದುಂಟು. ನಮ್ಮದರಲ್ಲಿ ಆ ಕೆಲಸಕ್ಕೆ ನಾನೂ ನನ್ನ ಮಡದಿಯೂ ನೇಮಕಗೊಂಡಿದ್ದೆವು. ರಂಗಮಂದಿರದ ಪ್ರದರ್ಶನಗಳು ನಡೆಯುವುದು ಮಕ್ಕಳು ಮಲಗುವ ಹೊತ್ತಿನಲ್ಲಿ. ಆದುದರಿಂದಲೇ ಬಾಲ್ಕನಿಗೆಂದು ಕೊಟ್ಟ ಅಧಿಕ ಹಣವೊಂದನ್ನು ನಾನು ಸಮರ್ಥಿಸುತ್ತೇನೆ: ಕಿಟಕಿಯಿಲ್ಲದ ಒಳಕೋಣೆಯಲ್ಲಿ ರಾತ್ರಿ ಎಂಟರ ಮೇಲೆ ಮಕ್ಕಳ ಜೊತೆಗೆ ದೊಡ್ಡವರೂ ಕತ್ತಲೆಯಲ್ಲಿ ಉಸಿರು ಬಿಗಿಹಿಡಿದು ಬಿದ್ದಿರಬೇಕಾಗುತ್ತದೆ, ಬಾಲ್ಕನಿಯಿದ್ದರೆ ಗಾಜಿನ ಬಾಗಿಲನ್ನು ಮುಚ್ಚಿ ಹೊರಗೆ ಕುಳಿತು, ಮಲಕ್ಕಾ ಜಲಸಂಧಿಯಲ್ಲಿ ಸಾಲುಗಟ್ಟಿ ಸಾಗುವ ಸರಕುಹಡಗುಗಳ ದೀಪಗಳನ್ನು ಎಣಿಸಬಹುದು. ಚಿಲಕ ಮಗುವಿನ ಕೈಗೆಟುಕುವಷ್ಟು ಕೆಳಗಿಲ್ಲವೆಂದು ಮೊದಲು ನೋಡಿಕೊಂಡೇ ಕುಳಿತೆನೆಂದು ಹೇಳಬೇಕಾಗಿಲ್ಲ.

ಪೆನಾಂಗಿನಲ್ಲಿ ಹಡಗು ನಿಲ್ಲುವ ಕಟ್ಟೆಯಿಂದ ಜಾರ್ಜ್‌ಟೌನ್ ಕಾಲ್ನಡಿಗೆಯ ದೂರ. ಹಡಗಿನವರು ಮಾರುವ ದುಬಾರಿ ಪ್ರವಾಸವನ್ನು ಬಿಟ್ಟು, ತಳ್ಳುಗಾಡಿಯಲ್ಲಿ ಕೂಸನ್ನು ಮಲಗಿಸಿಕೊಂಡು, 1833ರಷ್ಟು ಹಿಂದಿನ ಮಾರಿಯಮ್ಮನ ಗುಡಿಗೆ ಹೋಗಿ, ಅದರ ಆಸುಪಾಸಿನ ತಮಿಳು ಬೀದಿಯಲ್ಲಿ ಇಡ್ಲಿ ತಿಂದೆವು. ಆ ರಾತ್ರಿ ಹಿರಿಯಳಿಗೆ ಜ್ವರವೇರಿತು. ಹಡಗಿನ ವೈದ್ಯರ ದರ್ಶನಕ್ಕೆ 140 ಡಾಲರು. ಅವರು ಕೊಟ್ಟುದು ನಮ್ಮ ಚೀಲದಲ್ಲಿಯೇ ಇದ್ದ ಪ್ಯಾರಾಸಿಟಮಾಲ್. ವಿಮೆಯಿತ್ತು, ಆದರೆ ಮೊದಲ 100 ಡಾಲರು ನಮ್ಮದೇ ಹೊಣೆಯೆಂಬ ಷರತ್ತು ಪಾಲಿಸಿಯ ಹಿಂಬದಿಯಲ್ಲಿದ್ದುದರಿಂದ ಮರಳಿದುದು 40 ಮಾತ್ರ.

ಮರುದಿನ ಫುಕೆಟ್. ದೊಡ್ಡ ಹಡಗುಗಳು ಪಟೋಂಗ್ ಕೊಲ್ಲಿಯಲ್ಲಿ ಲಂಗರಿಳಿಸಿ ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೊಯ್ಯುತ್ತವೆ. ಜ್ವರ ಬಿಟ್ಟ ಮಗುವನ್ನೂ ತಳ್ಳುಗಾಡಿಯನ್ನೂ ದೋಣಿಗಿಳಿಸುವ ಸಾಹಸ ಬೇಡವೆಂದು ನಾವು ಉಳಿದುಕೊಂಡೆವು. ಮುಂಗಡವಾಗಿ ಯಾವ ಪ್ರವಾಸಕ್ಕೂ ಹಣ ಕಟ್ಟದಿದ್ದುದು ಆ ದಿನ ಸಾರ್ಥಕವಾಯಿತು. ಯಾತ್ರಿಕರೆಲ್ಲ ಇಳಿದುಹೋದ ಹಡಗು ಜಾತ್ರೆ ಮುಗಿದ ಬಯಲಿನಂತೆ ನಿಶ್ಶಬ್ದವಾಗಿತ್ತು. ಮಕ್ಕಳಿಬ್ಬರನ್ನೂ ನಾವೂ ಅಳಿಯಂದಿರೂ ಮೇಲಂತಸ್ತಿಗೆ ಎತ್ತಿಕೊಂಡು ಹೋದೆವು. ಮಗಳು ಬೆಳಿಗ್ಗೆ ಹನ್ನೊಂದಕ್ಕೆ ಮಲಗಿದವಳು ಎದ್ದುದು ಮೂರು ಗಂಟೆ ನಲವತ್ತು ನಿಮಿಷಕ್ಕೆ.

ಬೆಂಗಳೂರಿಗೆ ಮರಳಿ ಲೆಕ್ಕ ಮುಗಿಸಿದಾಗ, ವಿಮಾನ, ವೀಸಾ, ಹಡಗು ತಪ್ಪೀತೆಂಬ ಭಯದಿಂದ ಹಿಂದಿನ ರಾತ್ರಿ ಸಿಂಗಪುರದಲ್ಲಿ ತಂಗಿದ ಬಾಡಿಗೆ, ಭಕ್ಷೀಸು, ಇಂಟರ್ನೆಟ್ಟು, ವೈದ್ಯ, ವಿಮೆ ಎಲ್ಲವೂ ಸೇರಿ, ಟಿಸಿಎಸ್ ಬಿಟ್ಟು, 4,58,672 ರೂಪಾಯಿಯಾಗಿತ್ತು. ಹಡಗಿನ ದರವು 2,32,000 ಇತ್ತಷ್ಟೆ. ಅಂದರೆ ಕೈಗೆ ಬಂದ ಮೊದಲ ಸಂಖ್ಯೆಯನ್ನು ಎರಡರಿಂದ ಗುಣಿಸಿಯೇ ಮನೆಯಲ್ಲಿ ಮಾತು ತೆಗೆಯಬೇಕಾಗಿತ್ತು. ತೀರ್ಥಹಳ್ಳಿಯ ಕಡೆ ಅಡುಗೆಯವರಿರುವ ಹೋಂಸ್ಟೇಯಲ್ಲಿ ಇಷ್ಟೇ ದಿನ ಇದ್ದುಬಂದಿದ್ದರೆ, ಕಾರಿನ ಖರ್ಚೂ ಸೇರಿ, 60,000 ದಾಟುತ್ತಿರಲಿಲ್ಲವೆಂದು ನಾನೆಂದಾಗ ಅಳಿಯಂದಿರು ಮೌನ ವಹಿಸಿದರು. ಆ ನಾಲ್ಕು ಗಂಟೆ ನಲವತ್ತು ನಿಮಿಷಗಳ ನಿದ್ರೆಗೆ ನಿಮಿಷವೊಂದಕ್ಕೆ ಎಷ್ಟು ಬಿತ್ತೆಂದು ಭಾಗಿಸಲು ಹೊರಟಾಗ ಮಡದಿ ನನ್ನ ಕೈಯಿಂದ ಲೇಖನಿಯನ್ನು ಕಸಿದುಕೊಂಡಳು. ಮದುವೆಮನೆಗಳ ಊಟವನ್ನು ಬಿಟ್ಟರೆ, ಸತತವಾಗಿ ನಾಲ್ಕು ದಿನ ತಾನು ಮಾಡದ ಅಡುಗೆಯನ್ನು ಉಂಡುದು ಅವಳಿಗೂ ಅದೇ ಮೊದಲೆಂಬುದನ್ನು ನನ್ನ ಲೆಕ್ಕಪುಸ್ತಕದ ಯಾವ ಕಲಮಿನಲ್ಲಿ ಬರೆಯಬೇಕೋ ನನಗೆ ಹೊಳೆಯಲಿಲ್ಲ.

ಟಿಸಿಎಸ್‌ನ 11,600 ರೂಪಾಯಿ ತೆರಿಗೆಯಲ್ಲಿ ವಜಾ ಆದ ವಾರ, ಏಜೆಂಟರು ಮತ್ತೊಂದು ಯಾನದ ಪತ್ರಿಕೆಯನ್ನು ಕಳಿಸಿಕೊಟ್ಟರು. ಕಿರಿಯನಿಗೂ ಮೂರು ತುಂಬುವವರೆಗೆ ಅದರ ಮಾತೇ ಬೇಡವೆಂದು ನಾನು ಅದನ್ನು ಮಡಿಸಿಟ್ಟೆನು. ಮಡದಿ ಗೋಡೆಯ ಕ್ಯಾಲೆಂಡರನ್ನು ತೆಗೆದುಕೊಂಡು ಬಂದು ಎದುರಿಗೆ ಕುಳಿತಳು. “ಪುಟ್ಟಿಗೆ ಮೂರು ತುಂಬೋದು ಬರೋ ಜನವರಿ ಹತ್ತಕ್ಕೆ, ಆಮೇಲೆ ಅವಳನ್ನ ಆ ಮಕ್ಕಳ ಕೇಂದ್ರಕ್ಕೆ ಸೇರಿಸ್ಕೋತಾರೆ. ಪಾಪುವಿಗೆ ಎರಡು ತುಂಬೋದು ಜುಲೈ ಇಪ್ಪತ್ತಕ್ಕೆ; ಅಲ್ಲಿವರೆಗೂ ಅವನು ಮಡಿಲಿನ ಟಿಕೆಟ್ಟೇ. ನಡುವೆ ಆರು ತಿಂಗಳಿದೆ, ನೋಡಿ.” ನಾನು ನೋಡಿದೆನು, ಲೆಕ್ಕದಲ್ಲಿ ದೋಷವಿರಲಿಲ್ಲ. 2025ರ ಆ ಆರು ತಿಂಗಳಿಗೆ ಅಂದೇ ಸೀಸದಕಡ್ಡಿಯ ಗೆರೆ ಬಿತ್ತು; ಮೊಮ್ಮಗಳಿಗೆ ಶೌಚದ ಪಾಠವೂ ಅಂದಿನಿಂದಲೇ ಆರಂಭವಾಯಿತು.