ಕರ್ನಲಿನ ಬೀಗಗಳು ಮತ್ತು ಕಾಯುವಿಕೆಯ ಅಳತೆ

ಪ್ರಯೋಗಶಾಲೆಯಲ್ಲಿ ಒಂದೇ ಒಂದು ಸೂಕ್ಷ್ಮ ತಕ್ಕಡಿಯಿದೆಯೆಂದು ಭಾವಿಸೋಣ. ಪ್ರತಿಯೊಬ್ಬ ವಿದ್ಯಾರ್ಥಿಯ ಪ್ರಯೋಗಕ್ಕೂ 10 ನಿಮಿಷ ಬೇಕು. ಅದರಲ್ಲಿ 1 ನಿಮಿಷ ಮಾತ್ರ ತಕ್ಕಡಿಯ ಕೆಲಸ. ಹತ್ತು ಮಂದಿ ಸರದಿಯಂತೆ ಬಂದರೆ ತಕ್ಕಡಿಗೆ ಬಿಡುವೇ ಇರದು. ಹನ್ನೊಂದನೆಯವನು ಸೇರಿದರೆ ಮುಗಿಯುವ ಪ್ರಯೋಗಗಳು ಹೆಚ್ಚುವುದಿಲ್ಲ. ಕಾಯುವವರ ಸಾಲು ಮಾತ್ರ ಬೆಳೆಯುತ್ತದೆ. ಹಲವು ಪ್ರೊಸೆಸರುಗಳುಳ್ಳ ಗಣಕಯಂತ್ರಕ್ಕೂ ಇದೇ ಗತಿ ಒದಗುವುದುಂಟು. ಹಣ ತೆತ್ತು ಪ್ರೊಸೆಸರುಗಳನ್ನು ಕೂಡಿಸಿದರೂ ಕೆಲಸ ಮುಂದೆ ಸಾಗದು.

ಯಂತ್ರದ ಮೆಮೊರಿ, ಡಿಸ್ಕು, ಕಾಲ ಇವುಗಳನ್ನು ಎಲ್ಲ ಕೆಲಸಗಳಿಗೂ ಹಂಚಿಕೊಡುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. ಅದರೊಳಗಿನ ಒಂದು ಎಣಿಕೆ 5 ಆಗಿರುವಾಗ ಎರಡು ಪ್ರೊಸೆಸರುಗಳು ಏಕಕಾಲದಲ್ಲಿ ಅದನ್ನು ಓದಿ, ಒಂದನ್ನು ಕೂಡಿಸಿ, ಬರೆದರೆ ಉಳಿಯುವುದು 6, ಇರಬೇಕಾದುದು 7. ಈ ಪ್ರಮಾದವನ್ನು ತಪ್ಪಿಸಲೆಂದೇ ಎಣಿಕೆಗೆ ‘ಲಾಕ್’, ಅಂದರೆ ಬೀಗ, ಇರಿಸುತ್ತಾರೆ. ಅದನ್ನು ಹಿಡಿದ ಪ್ರೊಸೆಸರ್ ಬಿಡುವ ತನಕ ಉಳಿದವು ಕಾಯಬೇಕು. ಕೆಲವು ಬಗೆಯ ಬೀಗಗಳಲ್ಲಿ ಕಾಯುವ ಪ್ರೊಸೆಸರ್ ‘ಬಿಟ್ಟಿತೇ? ಬಿಟ್ಟಿತೇ?’ ಎಂದು ಎಡೆಬಿಡದೆ ಪರೀಕ್ಷಿಸುತ್ತಲೇ ಇರುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಬಹಳ ದುಡಿಯುತ್ತಿರುವಂತೆ ತೋರುವುದು!

1996ರಲ್ಲಿ ಲಿನಕ್ಸ್ ಕರ್ನಲಿನ 2.0ನೆಯ ಆವೃತ್ತಿ ಹಲವು ಪ್ರೊಸೆಸರುಗಳನ್ನು ನಡೆಸತೊಡಗಿದಾಗ ಇಡೀ ಕರ್ನಲಿಗೆ ಒಂದೇ ದೊಡ್ಡ ಬೀಗವಿತ್ತು. ಅದರ ಬದಲಿಗೆ ಚಿಕ್ಕ ಚಿಕ್ಕ ಬೀಗಗಳನ್ನಿರಿಸುತ್ತ, ಅದನ್ನು ಪೂರ್ತಿಯಾಗಿ ಕಿತ್ತುಹಾಕುವ ಹೊತ್ತಿಗೆ 2011 ಬಂದಿತ್ತು. ಬೀಗಗಳು ಅಸಂಖ್ಯವಾದ ಮೇಲೆ ಯಾವುದರ ಮುಂದೆ ನೂಕುನುಗ್ಗಲೆಂದು ಊಹಿಸಿ ಫಲವಿಲ್ಲ, ಅಳೆದೇ ತಿಳಿಯಬೇಕು.

2007ರಲ್ಲಿ ಬಂದ ‘ಲಾಕ್‌ಸ್ಟ್ಯಾಟ್’ ಎಂಬ ಸಾಧನವು ಪ್ರತಿ ಬಗೆಯ ಬೀಗಕ್ಕೂ ಎಷ್ಟು ಸಲ ಕಾಯಬೇಕಾಯಿತು, ಎಷ್ಟು ಕಾಲ ಅದನ್ನು ಹಿಡಿದಿಡಲಾಯಿತು ಎಂದು ಪಟ್ಟಿ ಮಾಡುತ್ತದೆ. ಆದರೆ ಹಿಡಿದಾಗಲೂ ಬಿಟ್ಟಾಗಲೂ ಲೆಕ್ಕ ಬರೆಯಬೇಕಾದುದರಿಂದ ಯಂತ್ರವೇ ನಿಧಾನವಾಗುತ್ತದೆ. ಸ್ವಲ್ಪವೇ ಬಿಸಿನೀರಿಗೆ ತಣ್ಣನೆಯ ದೊಡ್ಡ ಉಷ್ಣಮಾಪಕವನ್ನು ಅದ್ದಿದರೆ ನೀರೇ ತಣಿಯುವುದಷ್ಟೆ! 2022ರ 5.19ನೆಯ ಆವೃತ್ತಿಯಲ್ಲಿ ಇದಕ್ಕೆ ಸೊಗಸಾದ ಉಪಾಯ ದೊರೆಯಿತು. ಬೀಗ ಒಡನೆಯೇ ಸಿಕ್ಕಿದರೆ ಏನನ್ನೂ ಬರೆಯುವುದಿಲ್ಲ. ಕಾಯಬೇಕಾದಾಗ ಮಾತ್ರ ಆರಂಭಕ್ಕೊಂದು, ಅಂತ್ಯಕ್ಕೊಂದು ಗುರುತು. ಇವೆರಡರ ಅಂತರವನ್ನು ‘ಪರ್ಫ್’ ಎಂಬ ಉಪಕರಣ ಕೂಡಿಸಿ ತೋರಿಸುತ್ತದೆ.

ಈ ಲೆಕ್ಕವನ್ನು ಓದುವುದರಲ್ಲಿ ಎಚ್ಚರ ಬೇಕು. ಒಂದು ಬೀಗಕ್ಕಾಗಿ 1,00,000 ಸಲ, ಪ್ರತಿ ಸಲ 1 ಮೈಕ್ರೊಸೆಕೆಂಡ್ ಕಾದರೆ ಒಟ್ಟು 0.1 ಸೆಕೆಂಡ್, ಇನ್ನೊಂದಕ್ಕಾಗಿ 10 ಸಲ, ಪ್ರತಿ ಸಲ 50 ಮಿಲಿಸೆಕೆಂಡ್ ಕಾದರೆ 0.5 ಸೆಕೆಂಡ್. ಸಲಗಳನ್ನಷ್ಟೇ ಎಣಿಸುವವನು ತಪ್ಪು ಬೀಗವನ್ನು ತಿದ್ದಲು ಹೊರಡುತ್ತಾನೆ.

ಹೊಸಬರು ಎಡವುವುದು ಇನ್ನೊಂದೆಡೆ. ಆ ಗುರುತುಗಳು ಮೂಡುವುದು ಕಾಯುವವನ ಕಡೆಯಿಂದ. ಅವನು ಯಾವ ದಾರಿಯಿಂದ ಬೀಗದ ಬಳಿಗೆ ಬಂದನೆಂಬುದು ಅವುಗಳಿಂದ ತಿಳಿಯುತ್ತದೆ. ಬೀಗವನ್ನು ಹಿಡಿದು ಕುಳಿತವನು ಯಾರೆಂಬುದು ತಿಳಿಯದು. ಆದುದರಿಂದ ಅದೇ ಬೀಗವನ್ನು ಹಿಡಿಯುವ ಬೇರೆ ದಾರಿಗಳನ್ನೆಲ್ಲ ಹುಡುಕಿ, ಪ್ರತಿಯೊಂದರಲ್ಲಿಯೂ ಹಿಡಿದಿಟ್ಟ ಕಾಲವನ್ನು ಅಳೆಯಬೇಕು. ಬೀಗ ಹಿಡಿದ ಮೇಲೆ ಹೊಸ ಮೆಮೊರಿಯನ್ನು ಬೇಡುವ ಕೆಲಸ ಅಲ್ಲಿ ಕಂಡುಬಂದರೆ, ಎಷ್ಟೋ ವೇಳೆ ಅದನ್ನು ಬೀಗ ಹಿಡಿಯುವ ಮೊದಲೇ ಮುಗಿಸಬಹುದು. ತೂಗಿಯಾದ ಮೇಲೂ ತಕ್ಕಡಿಯ ಮುಂದೆಯೇ ಕುಳಿತು ನೋಟ್‌ಪುಸ್ತಕ ಬರೆಯುವ ವಿದ್ಯಾರ್ಥಿಯನ್ನು ನಾವು ಎಬ್ಬಿಸಿ ಕಳುಹಿಸುವುದೂ ಇದಕ್ಕಾಗಿಯೇ.